ಫಾರ್ಮು ತಡೆದ ಹೆಡ್‌ಮಾಸ್ತರರು

ಅವರ ಕುತ್ತಿಗೆ ಬಲಕ್ಕೆ ವಾಲಿತ್ತು. ಚಿಕ್ಕಂದಿನಲ್ಲಿ ಕಿವಿಯ ಕೆಳಗೆ ಎದ್ದ ಕುರುವನ್ನು ಊರಿನ ಹಜಾಮ ಕೊಯ್ದನಂತೆ. ಗಾಯ ಮಾಯುವಾಗ ನರ ಎಳೆದುಕೊಂಡು ತಲೆ ಹಾಗೆಯೇ ನಿಂತುಬಿಟ್ಟಿತು. ಕರಿ ಟೊಪ್ಪಿಗೆ, ಮೊಣಕಾಲು ಮುಟ್ಟುವ ಕೋಟು, ಕೆಂಪು ಅಂಚಿನ ಧೋತರ, ಅದರ ಮೇಲೆ ಒಂದು ಕಡೆಗೆ ಬಾಗಿದ ಆ ಮುಖ. ಯಾರು ಏನು ಹೇಳಿದರೂ ಅವರು ಕಿವಿಗೊಟ್ಟು ಕೇಳುತ್ತಿದ್ದಾರೆ, ಕೇಳಿ ಒಪ್ಪಿಯೂ ಬಿಟ್ಟಿದ್ದಾರೆ ಎನ್ನಿಸುತ್ತಿತ್ತು. ಕೆಲಸ ಕೇಳಲು ಹೋದ ದಿನ ನಾನೂ ಹಾಗೇ ಮೋಸಹೋದೆ. ಧಾರವಾಡದಿಂದ ಬಂದು ಪುಣೆಯಲ್ಲಿ ಬಿ.ಎ. ಮುಗಿಸಿದ ಹೊಸ ಬಿಸಿ. ಇಂಗ್ಲಿಷ್ ನಾಟಕ ಹೇಗೆ ಕಲಿಸಬೇಕು, ಪದ್ಯ ಹೇಗೆ ಓದಬೇಕು ಎಂದು ಅರ್ಧ ತಾಸು ಕೊರೆದೆ. ಅವರು ತಲೆ ವಾಲಿಸಿಕೊಂಡು ಕೂತಿದ್ದರು. ಕೆಲಸ ಸಿಕ್ಕಿತೆಂದೇ ನಾನು ತಿಳಿದೆ.

ಕೊನೆಗೆ ಅವರು ಮೂಗಿಗೆ ಒಂದು ಚಿಟಿಕೆ ನಶ್ಯ ಏರಿಸಿ, "ಎಲ್ಲಾ ಛಲೋ ಆತು. ಆದ್ರ ನಮ್ಮ ಹುಡುಗ್ರಿಗೆ ನಿದ್ದಿ ಬರ್ತಿರ್ತದ. ನಿದ್ದಿ ಹತ್ತಿದವನ್ನ ಎಬ್ಬಿಸದೆ ಪಾಠಾ ಮಾಡ್ಲಿಕ್ಕೆ ಬರ್ತದೇನು ನಿಮಗ?" ಎಂದರು.

ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡೆ. ಒಂದು ವಾರ ಕ್ಲಾಸಿಗೆ ಹೋದ ಮೇಲೆ ಅದು ಚೇಷ್ಟೆಯಲ್ಲ ಎಂದು ತಿಳಿಯಿತು.

ನಮ್ಮ ಹೈಸ್ಕೂಲು ಶುಕ್ರವಾರ ಪೇಟೆಯ ಒಂದು ಹಳೆಯ ವಾಡೆಯ ಹಿಂದಿನ ಚೌಕಿನಲ್ಲಿತ್ತು. ಹಿಂದೊಮ್ಮೆ ಯಾವನೋ ಸರದಾರನ ಕುದುರೆ ಕಟ್ಟುತ್ತಿದ್ದ ಜಾಗದಲ್ಲಿ ಕೆಳಗಿನ ಕ್ಲಾಸುಗಳು, ಅಟ್ಟದ ಮೇಲೆ ಮ್ಯಾಟ್ರಿಕ್ಕಿನ ಕ್ಲಾಸು. ಪುಣೆಯ ದೊಡ್ಡ ಶಾಲೆಗಳು ಎರಡೆರಡು ಸಲ ನಪಾಸು ಮಾಡಿ ಹೊರಗೆ ಹಾಕಿದವರು, ವಯಸ್ಸು ಮೀರಿತೆಂದು ಯಾರೂ ಸೇರಿಸಿಕೊಳ್ಳದವರು, ಎಲ್ಲರೂ ಬಂದು ಸೇರುತ್ತಿದ್ದುದು ಇಲ್ಲಿ. ಹಡಪಸರದ ತೋಟಗಳಿಂದ ತರಕಾರಿ ಗಾಡಿಯ ಮೇಲೆ ಕೂತು ಬಂದು, ಮಂಡಯಿಯ ತರಕಾರಿ ಪೇಟೆಯಲ್ಲಿ ಬುಟ್ಟಿ ಇಳಿಸಿ, ಕೈಕಾಲು ತೊಳೆದು ಕ್ಲಾಸಿಗೆ ಬರುವವರಿದ್ದರು. ಬೆಳಿಗ್ಗೆ ಮನೆಮನೆಗೆ ಹಾಲು ಹಾಕುವವರಿದ್ದರು. ದಿನಕ್ಕೊಂದು ಮನೆ ಗೊತ್ತು ಮಾಡಿಕೊಂಡು ವಾರಾನ್ನ ಉಣ್ಣುವ ನಮ್ಮ ಕಡೆಯ ಬಡ ಬ್ರಾಹ್ಮಣರ ಮಕ್ಕಳಿದ್ದರು. ಅವರಲ್ಲಿ ಬುಧವಾರದ ಮನೆ ಸಿಕ್ಕದವರು ಬುಧವಾರ ಸಿಟ್ಟಿನಲ್ಲಿರುತ್ತಿದ್ದರು.

ಇವರಿಗಾಗಿ ಹೆಡ್‌ಮಾಸ್ತರರು ಎರಡು ಗಂಟೆ ಹೊಡೆಸುತ್ತಿದ್ದರು. ಹನ್ನೊಂದಕ್ಕೆ ಒಂದು, ಮುಕ್ಕಾಲು ತಾಸು ಬಿಟ್ಟು ಇನ್ನೊಂದು. ಎರಡನೆಯ ಗಂಟೆಯ ತನಕ ಚಿತ್ರಕಲೆ, ಶುದ್ಧಬರಹ, ಮೊದಲಿನ ಪಾಠದ ಉಜಳಣಿ ಮಾತ್ರ. ಹೊಸ ಪಾಠ ಶುರುವಾಗುತ್ತಿದ್ದುದು ದುಡಿದು ಬರುವವರೆಲ್ಲ ಬಂದು ಕೂತ ಮೇಲೆಯೇ. ಪುಣೆಯ ಬೇರೆ ಯಾವ ಶಾಲೆಯಲ್ಲೂ ನಾನು ಇದನ್ನು ಕಂಡಿಲ್ಲ. ತಡವಾಗಿ ಬಂದವನನ್ನು ನಾನೊಮ್ಮೆ ಬಾಗಿಲಲ್ಲಿ ನಿಲ್ಲಿಸಿದ್ದಕ್ಕೆ ನನ್ನನ್ನು ಬದಿಗೆ ಕರೆದು, "ಮಾಸ್ತರ, ಯಾಕ ತಡಾ ಮಾಡಿದಿ ಅಂತ ಕೇಳಬ್ಯಾಡ್ರಿ. ಹೆಂಗ ಬಂದಿ ಅಂತ ಕೇಳ್ರಿ. ಅವ ಹೇಳಿದ್ದು ಕೇಳಿದ್ರ ನೀವ ಎದ್ದು ಜಾಗಾ ಬಿಟ್ಟುಕೊಡ್ತೀರಿ," ಎಂದರು. ನನಗೆ ರೇಗಿತು. ಆದರೂ ಮರುದಿನ ಕೇಳಿದೆ. ಆಮೇಲೆ ಯಾರನ್ನೂ ಬಾಗಿಲಲ್ಲಿ ನಿಲ್ಲಿಸಲು ಮನಸ್ಸು ಬರಲಿಲ್ಲ.

ಹೆಂಡತಿ ಪ್ಲೇಗಿನಲ್ಲಿ ತೀರಿಕೊಂಡ ಮೇಲೆ ಅವರಿಗೆ ಮನೆಯೆಂಬುದು ಹೆಸರಿಗೆ. ಊಟ ಖಾನಾವಳಿಯಲ್ಲಿ. ಭಾನುವಾರ ಬಂತೆಂದರೆ ಹುಡುಗರ ಮನೆಗಳಿಗೆ ಹೊರಟುಬಿಡುತ್ತಿದ್ದರು. ಎಷ್ಟೋ ಸಲ ನನ್ನನ್ನೂ ಎಳೆದುಕೊಂಡು ಹೋಗಿದ್ದಾರೆ. ಹೊಸ್ತಿಲ ಮೇಲೆಯೇ ಕೂತು, ಒಂದು ತಂಬಿಗೆ ನೀರು ಕೇಳಿ ಕುಡಿದು, ಬಿಜಾಪುರದ ರಾಗದಲ್ಲಿ ಮರಾಠಿ ಮಾತಾಡುತ್ತಿದ್ದರು. ಮನೆಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನಗಲಿ ಎಂದೇ ಅವರು ಹಾಗೆ ಮಾತಾಡುತ್ತಿದ್ದರೆಂದು ನನ್ನ ಗುಮಾನಿ. ನಕ್ಕ ಮೇಲೆ ಆ ಹೆಂಗಸರು ಮಗನ ಶಾಲೆ ಬಿಡಿಸುವ ಮಾತನ್ನು ಅರ್ಧಕ್ಕೇ ಬಿಡುತ್ತಿದ್ದರು.

ಹಾಗೆ ಹೋದ ಮನೆಗಳಲ್ಲೊಂದು ದಾದಾನದು. ಅವನು ನಮ್ಮ ಶಾಲೆಯ ಎಲ್ಲರಿಗಿಂತ ಹಿರಿಯ ವಿದ್ಯಾರ್ಥಿ, ನನಗಿಂತ ಒಂದೆರಡು ವರ್ಷ ಸಣ್ಣವನಿರಬಹುದು, ಅಷ್ಟೆ. ಅದಕ್ಕೇ ಹುಡುಗರೆಲ್ಲ ಅವನನ್ನು ಮರಾಠಿ ರೂಢಿಯಂತೆ ದಾದಾ, ಅಣ್ಣ, ಎಂದು ಕರೆಯುತ್ತಿದ್ದರು. ಮಾಸ್ತರರಿಗೂ ಅದೇ ಬಾಯಿಗೆ ಬಂತು. ಬಾಗಲಕೋಟೆ ಕಡೆಯ ನೇಕಾರರ ಮನೆಯವನು. ಅಪ್ಪ ಸತ್ತ ಮೇಲೆ ಅವ್ವನನ್ನು ಕಟ್ಟಿಕೊಂಡು ಪುಣೆಗೆ ಬಂದು, ಒಂದು ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ. ಮದುವೆಯೂ ಆಗಿತ್ತು. ಬೆರಳ ತುದಿಗಳು ಸೀಸದ ಕಪ್ಪು ಹಿಡಿದು ಎಷ್ಟು ತಿಕ್ಕಿದರೂ ಬೆಳ್ಳಗಾಗುತ್ತಿರಲಿಲ್ಲ. ಅವನ ದೂರದ ಸೋದರಮಾವ ಪೋಸ್ಟಿನ ಖಾತೆಯಲ್ಲಿದ್ದ. ಮ್ಯಾಟ್ರಿಕ್ ಪಾಸು ಮಾಡಿಕೊಂಡರೆ ಕಾರಕೂನನ ಕೆಲಸ ಕೊಡಿಸುವುದಾಗಿ ಮಾತು ಕೊಟ್ಟಿದ್ದ. ಆದರೆ ಸರಕಾರಿ ಕೆಲಸಕ್ಕೆ ವಯಸ್ಸಿನ ಮಿತಿ. ಆ ಮಿತಿಯ ಒಳಗೆ ದಾದಾನಿಗೆ ಉಳಿದಿದ್ದುದು ಒಂದೇ ಪರೀಕ್ಷೆ.

ಈಗ ಆ ಕಾಲದ ಒಂದು ಪದ್ಧತಿಯನ್ನು ಹೇಳಬೇಕು. ಮ್ಯಾಟ್ರಿಕ್ಕಿಗೆ ಮೊದಲು, ಚಳಿಗಾಲದಲ್ಲಿ, ಪ್ರತಿ ಹೈಸ್ಕೂಲೂ ತನ್ನದೇ ಒಂದು ಪರೀಕ್ಷೆ ನಡೆಸುತ್ತಿತ್ತು. ಅದರಲ್ಲಿ ಪಾರಾದವರ ಅರ್ಜಿಯ ಫಾರ್ಮಿಗೆ ಮಾತ್ರ ಹೆಡ್‌ಮಾಸ್ತರರ ಸಹಿ ಬೀಳುತ್ತಿತ್ತು. ಸಹಿ ಬೀಳದಿದ್ದರೆ ಆ ವರ್ಷ ಪರೀಕ್ಷೆಗೆ ಕೂರುವಂತಿಲ್ಲ. ಇದಕ್ಕೆ ಫಾರ್ಮು ತಡೆಯುವುದು ಎನ್ನುತ್ತಿದ್ದೆವು. ಪುಣೆಯ ದೊಡ್ಡ ಶಾಲೆಗಳು ನೂರಕ್ಕೆ ತೊಂಬತ್ತು ಪಾಸು ಎಂದು ಮೀಸೆ ತಿರುವುತ್ತಿದ್ದುದರ ಗುಟ್ಟು ಇಷ್ಟೇ. ಸಂಶಯವಿದ್ದವರನ್ನೆಲ್ಲ ಮೊದಲೇ ತಡೆದಿಟ್ಟರೆ ಉಳಿದವರು ಪಾಸಾಗದೆ ಏನು ಮಾಡುತ್ತಾರೆ? ನಮ್ಮ ಹೆಡ್‌ಮಾಸ್ತರರು ಒಬ್ಬನ ಫಾರ್ಮನ್ನೂ ತಡೆದವರಲ್ಲ. "ನಪಾಸಾಗೋದೂ ಅವನ ಹಕ್ಕರಿ. ಅದನ್ನ ಕಸಗೊಳ್ಳಿಕ್ಕೆ ನಾ ಯಾರು?" ಎನ್ನುತ್ತಿದ್ದರು. ಹಾಗಾಗಿ ನಮ್ಮ ಶಾಲೆಯ ಫಲಿತಾಂಶ ಪ್ರತಿವರ್ಷ ಊರಿನಲ್ಲಿ ನಗೆಪಾಟಲು.

ಎರಡನೆಯ ಮಹಾಯುದ್ಧ ಶುರುವಾದ ಹೊತ್ತಿಗೆ ನಮ್ಮ ಮೇಲೆ ಇನ್‌ಸ್ಪೆಕ್ಷನ್ ಬಂತು. ಇನ್‌ಸ್ಪೆಕ್ಟರ್ ಸಾಹೇಬರು ಬರುವ ಮುನ್ನ ಶಾಲೆಯ ಚೇರ್ಮನ್ನರಾದ ವಕೀಲರು ಮಾಸ್ತರರನ್ನೆಲ್ಲ ಕರೆದು ಬೇರೆ ಶಾಲೆಗಳು ಮಾಡುವ ಉಪಾಯ ಹೇಳಿಕೊಟ್ಟರು: ದಡ್ಡರಿಗೆ ಆ ದಿನಗಳಲ್ಲಿ ರಜೆ ಕೊಟ್ಟುಬಿಡಿ, ಹರಕು ಅಂಗಿಯವರನ್ನು ಹಿಂದೆ ಕೂರಿಸಿ, ಎರಡನೆಯ ಗಂಟೆಯನ್ನು ಹೊಡೆಯಬೇಡಿ. ಹೆಡ್‌ಮಾಸ್ತರರು ತಲೆ ವಾಲಿಸಿಕೊಂಡು ಕೇಳಿದರು. ಚೇರ್ಮನ್ನರು ಸಮಾಧಾನದಿಂದ ಮನೆಗೆ ಹೋದರು. ಮರುದಿನ ಎಲ್ಲ ಎಂದಿನಂತೆಯೇ ನಡೆಯಿತು.

ಸಾಹೇಬರೂ ನಮ್ಮವರೇ, ಬೆಳಗಾವಿ ಕಡೆಯವರು. ಕೆಟ್ಟವರೇನಲ್ಲ, ಬೆತ್ತದ ಕುರ್ಚಿಯ ಮೇಲೆ ನೆಟ್ಟಗೆ ಕೂತು, ಪ್ರತಿ ಕ್ಲಾಸನ್ನೂ ತಾಳ್ಮೆಯಿಂದ ನೋಡಿದರು. ಮ್ಯಾಟ್ರಿಕ್ಕಿನ ಕ್ಲಾಸಿಗೆ ಬಂದಾಗ ನನ್ನ ಪಾಠ ನಡೆದಿತ್ತು. ಹಿಂದಿನ ಬೆಂಚಿನಲ್ಲಿ ಇಬ್ಬರು ನಿದ್ದೆಹೋಗಿದ್ದರು.

"ಇವರು ಎಂಥಾ ಮನೀ ಹುಡುಗ್ರು?" ಎಂದು ಸಾಹೇಬರು ಕೇಳಿದರು.

"ದುಡಿಯೋ ಮನೀ ಹುಡುಗ್ರು," ಎಂದರು ಹೆಡ್‌ಮಾಸ್ತರರು.

"ಹಂಗ ಬರಿಲಿಕ್ಕೆ ಬರೂದಿಲ್ರಿ. ಜಾತಿ ಹೇಳ್ರಿ, ವಯಸ್ಸು ಹೇಳ್ರಿ, ತಂದಿ ಉದ್ಯೋಗ ಹೇಳ್ರಿ."

ಹೆಡ್‌ಮಾಸ್ತರರು ಬೆಂಚಿನಿಂದ ಬೆಂಚಿಗೆ ನಡೆದರು. "ಇವ ನಸಿಕಿನ್ಯಾಗ ಎದ್ದು ಹಾಲು ಹಾಕ್ತಾನ. ತಂದಿ ಹಾಸಿಗಿ ಹಿಡದಾನ. ಇವಗ ಹೋದ ವರ್ಷ ಒಂದು ಇಂಗ್ಲಿಷ್ ವಾಕ್ಯ ಓದ್ಲಿಕ್ಕೆ ಬರ್ತಿದ್ದಿಲ್ಲ, ಈಗ ಪುಸ್ತಕದ ಪಾಠಾ ಓದ್ತಾನ. ಮಲ್ಕೊಂಡಾನಲ್ಲ, ಇವನ ತಂಗೀಗೆ ನಿನ್ನೆ ಭಾಳ ಜ್ವರ ಇತ್ತು; ರಾತ್ರಿಯೆಲ್ಲಾ ಕೂತಿದ್ದ. ಆದ್ರೂ ಬಂದಾನ." ಹೀಗೆ ಒಬ್ಬೊಬ್ಬರನ್ನೂ ತೋರಿಸುತ್ತ ದಾದಾನ ತನಕ ಬಂದರು. "ಇವ ಲಗ್ನಾದವ. ಬೇರೆಯವರ ಪುಸ್ತಕಕ್ಕ ಮೊಳಿ ಜೋಡಿಸಿ ಬಂದು ತನ್ನ ಪುಸ್ತಕಾ ಓದ್ತಾನ."

ಸಾಹೇಬರು ಬರೆಯುವುದನ್ನು ನಿಲ್ಲಿಸಿದ್ದರು. ಅವರಿಗೂ ಒಳಗೆ ಏನೋ ಕಲಕಿತ್ತೆಂದೇ ನಾನು ಇವತ್ತಿಗೂ ನಂಬಿದ್ದೇನೆ. "ರಾಯರ, ನೀವು ಹೇಳೋದು ಖರೇ ಅದ," ಎಂದರು. "ಆದ್ರ ಇದನ್ನ ಬರಿಲಿಕ್ಕೆ ನನ್ನ ವರದಿಯೊಳಗ ಜಾಗಾನ ಇಲ್ಲ."

ಯಾವುದಕ್ಕೆ ಜಾಗ ಇತ್ತೋ ಅದನ್ನು ಬರೆದರು. ಹಾಜರಿ ಅಸಮರ್ಪಕ, ವಿದ್ಯಾರ್ಥಿಗಳ ವಯಸ್ಸು ತರಗತಿಗೆ ಮೀರಿದ್ದು, ಶಿಸ್ತು ಸಡಿಲ. ಮುಂದಿನ ಮ್ಯಾಟ್ರಿಕ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪಾಸಾಗದಿದ್ದರೆ ಮೇಲಿನ ಕ್ಲಾಸುಗಳ ಮಾನ್ಯತೆ ಹೋಗುತ್ತದೆ. ಮಾನ್ಯತೆ ಹೋದರೆ ನಮ್ಮ ಹುಡುಗರಿಗೆ ಇನ್ನಾವ ಶಾಲೆಯ ಬಾಗಿಲೂ ತೆರೆಯುವುದಿಲ್ಲ, ಇದು ಎಲ್ಲರಿಗೂ ಗೊತ್ತಿತ್ತು.

ಆ ವರ್ಷ ಹೆಡ್‌ಮಾಸ್ತರರು ದುಡಿದ ಹಾಗೆ ನಾನು ಯಾರನ್ನೂ ಕಂಡಿಲ್ಲ. ಗಣಿತ ಅವರದೇ ವಿಷಯ. ಶಾಲೆ ಬಿಟ್ಟ ಮೇಲೂ ಕತ್ತಲಾಗುವ ತನಕ ಕಲಿಸುತ್ತಿದ್ದರು. ದಾದಾ ಉಳಿದೆಲ್ಲ ವಿಷಯಗಳಲ್ಲಿ ಸರಿಯಾಗಿದ್ದ. ಬೀಜಗಣಿತ ಮಾತ್ರ ಅವನಿಗೆ ಒಗ್ಗುತ್ತಿರಲಿಲ್ಲ. ಒಂದು ದಿನ ಎಲ್ಲ ಲೆಕ್ಕ ಮಾಡಿಬಿಡುತ್ತಿದ್ದ, ಇನ್ನೊಂದು ದಿನ ಎಲ್ಲವೂ ತಲೆಕೆಳಗು. ಚಳಿಗಾಲದ ಪರೀಕ್ಷೆಯ ದಿನ ತಲೆಕೆಳಗಾಯಿತು.

ಅವನ ಉತ್ತರಪತ್ರಿಕೆಯನ್ನು ಹೆಡ್‌ಮಾಸ್ತರರು ಮತ್ತೆ ಮತ್ತೆ ತಿದ್ದಿದರು. ಎಲ್ಲಾದರೂ ಇನ್ನಷ್ಟು ಅಂಕ ಅಡಗಿ ಕೂತಿವೆಯೇ ಎಂದು ಹುಡುಕುತ್ತಿದ್ದರೋ ಏನೋ. ಚೇರ್ಮನ್ನರು ಎರಡು ಸಲ ಬಂದು, ಸಂಶಯದವರು ಒಬ್ಬರೂ ಬೇಡ ಎಂದು ಹೇಳಿ ಹೋಗಿದ್ದರು. ಹೆಡ್‌ಮಾಸ್ತರರು ಎಲ್ಲರ ಫಾರ್ಮುಗಳನ್ನೂ ಎರಡು ದಿನ ಮೇಜಿನ ಮೇಲೆ ಹಾಗೆಯೇ ಇಟ್ಟುಕೊಂಡರು. ಮೂರನೆಯ ದಿನ ಕೆಲವು ಫಾರ್ಮುಗಳನ್ನು ಬದಿಗಿಟ್ಟು ಉಳಿದವಕ್ಕೆ ಸಹಿ ಹಾಕಿದರು. ಬದಿಗಿಟ್ಟವುಗಳಲ್ಲಿ ದಾದಾನದೂ ಒಂದು.

ಅವನು ಬಂದಾಗ ನಾನು ಅಲ್ಲಿಯೇ ಇದ್ದೆ. ಎದ್ದು ಹೋಗಲು ನೋಡಿದೆ, ಹೆಡ್‌ಮಾಸ್ತರರು ಕೈಸನ್ನೆಯಿಂದ ಕೂರಿಸಿದರು.

"ಸರ್, ನಪಾಸಾದ್ರೂ ಚಿಂತಿಲ್ರಿ. ಒಮ್ಮೆ ಕೂಡ್ಲಿಕ್ಕೆ ಬಿಡ್ರಿ," ಎಂದ.

"ಈ ವರ್ಷ ಸಾಲಿ ಉಳೀಲಿ, ತಮ್ಮಾ. ನೀ ಒಬ್ಬವ ನಪಾಸಾದ್ರೂ ಅದು ಸಾಲಿ ಲೆಕ್ಕಕ್ಕ ಬರ್ತದ. ಮುಂದಿನ ವರ್ಷ ನಾನ ಮುಂದ ಕೂತು ನಿನಗ ಕಲಸ್ತೀನಿ. ಪಾಸು ಮಾಡಿಸೇ ಬಿಡ್ತೀನಿ."

"ಮುಂದಿನ ವರ್ಷ ನನಗ ವಯಸ್ಸು ಮೀರತದರಿ."

"ಗೊತ್ತದ," ಎಂದರು ಹೆಡ್‌ಮಾಸ್ತರರು.

ಅವನು ಜಗಳವಾಡಿದ್ದರೆ ಒಳ್ಳೆಯದಿತ್ತು. ಬೈದಿದ್ದರೆ, ಮೇಜು ಗುದ್ದಿದ್ದರೆ ಹೆಡ್‌ಮಾಸ್ತರರು ಬಹುಶಃ ಸಹಿ ಹಾಕಿಬಿಡುತ್ತಿದ್ದರು. ಅವನು ಬಗ್ಗಿ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೊರಟುಹೋದ. ಮೆಟ್ಟಿಲಲ್ಲಿ ಅವನ ಚಪ್ಪಲಿಯ ಸಪ್ಪಳ ನಿಲ್ಲುವ ತನಕ ಹೆಡ್‌ಮಾಸ್ತರರು ಪೆನ್ನು ಕೈಯಲ್ಲಿ ಹಿಡಿದೇ ಇದ್ದರು. ನನಗೆ ಅಳು ಬಂತು, ಅವರೆದುರಿಗೆ ಅಳಲು ನಾಚಿಕೆಯಾಯಿತು.

ಬೇಸಿಗೆಯಲ್ಲಿ ಫಲಿತಾಂಶ ಬಂತು. ನಾವು ಕಳಿಸಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಪಾಸು. ಪೇಪರಿನಲ್ಲಿ ಶಾಲೆಯ ಹೆಸರು ಬಂತು. ಚೇರ್ಮನ್ನರು ಪೇಢೆ ತರಿಸಿ ಹಂಚಿದರು. ಹೆಡ್‌ಮಾಸ್ತರರು ತಮ್ಮ ಪೇಢೆಯನ್ನು ಮೇಜಿನ ಮೇಲೆ ಇಟ್ಟರು. ಸಂಜೆ ನಾನು ನೋಡಿದಾಗ ಅದಕ್ಕೆ ಇರುವೆ ಮುತ್ತಿದ್ದವು.

ಶಾಲೆ ಉಳಿಯಿತು ಎನ್ನಬಹುದು, ಆದರೆ ಉಳಿದದ್ದು ಯಾವ ಶಾಲೆ? ಫಲಿತಾಂಶ ನೋಡಿ ಜೂನಿನಲ್ಲಿ ಹೊಸ ಜನ ಬಂದರು: ವಕೀಲರ ಮಕ್ಕಳು, ಮಿಲಿಟರಿ ಅಕೌಂಟ್ಸಿನ ಕಾರಕೂನರ ಮಕ್ಕಳು, ಇಸ್ತ್ರಿ ಮಾಡಿದ ಅಂಗಿಯವರು. ಜಾಗ ಸಾಲದಾಯಿತು. ಜಾಗ ಸಾಲದಾದಾಗ ಆರಿಸಬೇಕಾಯಿತು, ಆರಿಸುವಾಗ ಹಿಂದುಳಿದವರು ಹಿಂದೆ ಬಿದ್ದರು. ಒಂದೆರಡು ವರ್ಷಗಳಲ್ಲಿ ಕಮಿಟಿಯವರು ಎರಡನೆಯ ಗಂಟೆಯನ್ನು ನಿಲ್ಲಿಸಿದರು. ಈಗ ಅದರ ಅಗತ್ಯವಿದ್ದವರೇ ಉಳಿದಿರಲಿಲ್ಲ. ಭಾನುವಾರ ಹೆಡ್‌ಮಾಸ್ತರರು ಮನೆಗಳಿಗೆ ಹೋಗುವುದನ್ನು ಬಿಟ್ಟರು. ಈ ಹೊಸ ಮನೆಗಳಲ್ಲಿ ಹೊಸ್ತಿಲ ಮೇಲೆ ಕೂರಲು ಬಿಡುತ್ತಿರಲಿಲ್ಲ. ಒಳಗೆ ಕರೆದು ಕುರ್ಚಿ ಹಾಕಿ, ಚಹಾ ಕೊಟ್ಟು, ಮಗನಿಗೆ ಎಷ್ಟು ಅಂಕ ಬೀಳಬಹುದು ಎಂದು ಕೇಳುತ್ತಿದ್ದರು.

ಯುದ್ಧದಿಂದ ಕಾಗದಕ್ಕೆ ಬರ ಬಂದು ದಾದಾನ ಛಾಪಖಾನೆ ಮುಚ್ಚಿತು. ಒಂದು ಮುಂಜಾನೆ ಅವನು ಶಾಲೆಗೆ ಬಂದು, ಶಿಪಾಯಿಯ ಜಾಗ ಖಾಲಿ ಇದೆಯಂತೆ, ಕೊಡುತ್ತೀರಾ ಎಂದು ಹೆಡ್‌ಮಾಸ್ತರರನ್ನು ಕೇಳಿದ. ಅವರು ಬೇಡವೆನ್ನುವುದು ಹೇಗೆ? ಅಂದಿನಿಂದ ಕಸ ಗುಡಿಸುವುದು, ನೀರು ತುಂಬುವುದು, ಗಂಟೆ ಹೊಡೆಯುವುದು ಅವನ ಪಾಲಿಗೆ ಬಂತು. ಬೆಳಿಗ್ಗೆ ಹೆಡ್‌ಮಾಸ್ತರರು ಬರುವಾಗ ಬಾಗಿಲಲ್ಲಿ ನಿಂತು ನಮಸ್ಕಾರ ಮಾಡುತ್ತಿದ್ದ. ಅದರಲ್ಲಿ ಕುಹಕ ಇರಲಿಲ್ಲ, ನಾನು ಬಲ್ಲೆ. ಅವರು ಮಾತ್ರ ಒಂದು ದಿನವೂ ಅವನ ಮುಖ ನೋಡಿ ಪ್ರತಿನಮಸ್ಕಾರ ಮಾಡಲಾರದೆ ಹೋದರು.

ಇನ್‌ಸ್ಪೆಕ್ಟರ್ ಸಾಹೇಬರು ಇನ್ನೊಮ್ಮೆ ಬಂದರು. ಈ ಸಲ ಅವರ ಮುಖ ಅರಳಿತ್ತು. "ರಾಯರ, ಸಾಲಿ ಗುರ್ತೇ ಸಿಗವಲ್ತು ನೋಡ್ರಿ. ಹುಡುಗ್ರು ಎಷ್ಟು ಛಲೋ ಕಾಣ್ತಾರ!" ಎಂದರು. ದಾದಾ ಅವರ ಮುಂದೆ ಚಹಾ ತಂದಿಟ್ಟ. ಮೊದಲು ಬಂದಾಗ ಮ್ಯಾಟ್ರಿಕ್ಕಿನ ಬೆಂಚಿನಲ್ಲಿ ನೋಡಿದವನೇ ಇವನೆಂದು ಅವರಿಗೆ ಹೊಳೆಯಲಿಲ್ಲ. ಹೆಡ್‌ಮಾಸ್ತರರು ಆ ವರ್ಷದ ಕೊನೆಗೇ ಕೆಲಸ ಬಿಟ್ಟರು. ಎದೆ ನೋವು ಎಂದು ಕಾರಣ ಕೊಟ್ಟರು; ಅದು ಪೂರಾ ಸುಳ್ಳೂ ಆಗಿರಲಿಲ್ಲ.

ಕೆಲಸ ಬಿಟ್ಟ ಮೇಲೆ ಅವರು ಮಾಡಿದ ಮೊದಲ ಕೆಲಸ ದಾದಾನನ್ನು ಕರೆಸಿಕೊಂಡದ್ದು. ಶಾಲೆ ಬಿಟ್ಟು ವರ್ಷ ಕಳೆದವರು ಖಾಸಗಿಯಾಗಿ ಮ್ಯಾಟ್ರಿಕ್ಕಿಗೆ ಕೂರಬಹುದಿತ್ತು. "ನಾಳಿಯಿಂದ ಸಂಜಿಗೆ ಬಾ. ಬೀಜಗಣಿತ ಮೊದಲಿನಿಂದ ಹಿಡಿಯೋಣ," ಎಂದರು. ದಾದಾ ಯಾಕೆ ಎಂದು ಕೇಳಲಿಲ್ಲ. ಪೋಸ್ಟಿನ ಕೆಲಸ ಕೈತಪ್ಪಿ ವರ್ಷಗಳಾಗಿದ್ದವು. ಎರಡು ಮಕ್ಕಳ ತಂದೆ ಅವನು. ಆದರೂ ಶಾಲೆಗೆ ಕೀಲಿ ಹಾಕಿ ಪ್ರತಿ ಸಂಜೆ ಅವರ ಖೋಲಿಗೆ ಹೋಗುತ್ತಿದ್ದ. ನಾನು ಎಷ್ಟೋ ಸಲ ನೋಡಿದ್ದೇನೆ: ಗುರು ಚಾದರ ಹೊದ್ದು ಗೋಡೆಗೆ ಒರಗಿ ಲೆಕ್ಕ ಹೇಳುವುದು, ಶಿಷ್ಯ ನೆಲದ ಮೇಲೆ ಪಾಟಿ ಇಟ್ಟುಕೊಂಡು ಮಾಡುವುದು. ಲೆಕ್ಕ ಸರಿಯಾದಾಗ ಹೆಡ್‌ಮಾಸ್ತರರ ಮುಖಕ್ಕೆ ಒಂಚೂರು ಕಳೆ ಬರುತ್ತಿತ್ತು. ಬೇರೆ ಯಾವುದಕ್ಕೂ ಅದು ಬರುತ್ತಿರಲಿಲ್ಲ.

ಫಾರ್ಮು ತುಂಬುವ ಕಾಲ ಬಂದಾಗ ತಾವೇ ಕೂತು ಅವನಿಂದ ತುಂಬಿಸಿದರು. ಅದಾದ ಕೆಲವು ದಿನಕ್ಕೆ ಹಾಸಿಗೆ ಹಿಡಿದರು. ನಾನು ನೋಡಲು ಹೋದಾಗ ಉಸಿರು ಎಳೆಯುತ್ತಿತ್ತು.

"ಈಗ ಸಾಲಿಗೆ ಎಂಥಾ ಹುಡುಗ್ರು ಬರ್ತಾರ್ರಿ, ಮಾಸ್ತರ?" ಎಂದು ಕೇಳಿದರು.

ಅವರಿಗೆ ನೆಮ್ಮದಿಯಾಗಲಿ ಎಂದು, "ಭಾಳ ಛಲೋ ಹುಡುಗ್ರು ಬರ್ತಾರ್ರಿ. ಫಲಿತಾಂಶಕ್ಕ ಏನೂ ಚಿಂತಿಲ್ಲ," ಎಂದೆ.

"ಉಳದವರು ಎಲ್ಲಿ ಹೋಗ್ತಾರ?"

ನಾನು ಅವರ ಚಾದರ ಸರಿಮಾಡಿದೆ. ಅವರು ಗೋಡೆಯ ಕಡೆಗೆ ಹೊರಳಿದರು. ಸಂಕ್ರಾಂತಿ ಕಳೆದು ನಾಲ್ಕಾರು ದಿನಕ್ಕೆ ತೀರಿಕೊಂಡರು. ಹಿಂದುಮುಂದು ಯಾರೂ ಇರಲಿಲ್ಲ. ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಹಾಲಿನವರು, ಮಂಡಯಿಯ ಹಮಾಲರು, ಅವರ ಹಳೆಯ ವಿದ್ಯಾರ್ಥಿಗಳೇ ಹೆಚ್ಚು. ಆ ವರ್ಷ ಶಾಲೆಯಲ್ಲಿ ಇದ್ದವರಲ್ಲಿ ಯಾರೂ ಬರಲಿಲ್ಲ. ಅವರಿಗೆ ಇವರು ಕೆಲಸ ಬಿಟ್ಟು ಹೋದ ಒಬ್ಬ ಮಾಸ್ತರರು, ಅಷ್ಟೆ. ಇಂಗ್ಲಿಷನ್ನು ನಾನು ಕಾಲೇಜಿನಲ್ಲಿ ಕಲಿತೆ. ಎದುರಿಗೆ ಕೂತವನು ಯಾರೆಂದು ಮೊದಲು ತಿಳಿದುಕೊಳ್ಳುವುದನ್ನು ಈ ಮನುಷ್ಯನಿಂದ ಕಲಿತೆ. ಆ ಋಣ ನನ್ನ ಮೇಲೆ ಇದೆ, ತೀರುವಂಥದಲ್ಲ.

ಮಾರ್ಚಿನಲ್ಲಿ ಪರೀಕ್ಷೆ. ಈಗ ನಮ್ಮ ಶಾಲೆಗೆ ಎಷ್ಟು ಮಾನ ಬಂದಿತ್ತೆಂದರೆ, ಮ್ಯಾಟ್ರಿಕ್ಕಿನ ಒಂದು ಕೇಂದ್ರವನ್ನೇ ಕೊಟ್ಟಿದ್ದರು. ಮೊದಲ ದಿನ ಬೆಳಿಗ್ಗೆ ನಾನು ಬೇಗ ಹೋದೆ. ದಾದಾ ಅಟ್ಟದ ಮೇಲಿನ ಕೋಣೆ ಗುಡಿಸಿ, ಬೆಂಚುಗಳನ್ನು ಸಾಲಾಗಿ ಎಳೆದು, ಒಂದೊಂದರ ಮೇಲೂ ನಂಬರಿನ ಚೀಟಿ ಅಂಟಿಸಿದ್ದ. ಈಗ ದೌತಿಗಳಿಗೆ ಮಸಿ ಹಾಕುತ್ತ ಬರುತ್ತಿದ್ದ. ಮೈಮೇಲೆ ಶಿಪಾಯಿಯ ಪಟ್ಟಿ ಇತ್ತು. ಕಿಟಕಿಯ ಹತ್ತಿರದ ಒಂದು ಬೆಂಚನ್ನು ತೋರಿಸಿ, "ಇದು ನಿನ್ನ ನಂಬರಲ್ಲೇನು?" ಎಂದೆ.

"ಹೌದ್ರಿ."

"ಪಟ್ಟಿ ತಗೀ ಮತ್ತ. ಇನ್ನೇನು ಹುಡುಗ್ರು ಬರ್ತಾರ. ನಿನ್ನ ಕೆಲಸಾ ನಾ ನೋಡ್ಕೋತೀನಿ. ಕೂಡೋದಿಲ್ಲೇನು?"

ಅವನು ಆ ಬೆಂಚಿನ ದೌತಿಗೂ ಮಸಿ ತುಂಬಿದ. ಚೆಲ್ಲಿದ ಒಂದು ಹನಿಯನ್ನು ಅಂಗೈಯಿಂದ ಒರೆಸಿದ.

"ಅವರ ಸಮಾಧಾನಕ್ಕ ಕೂಡವನಿದ್ದೆರಿ, ಸರ್. ಅವರೇ ಹೋದ್ರು," ಎಂದು ಹೇಳಿ ಮುಂದಿನ ಬೆಂಚಿಗೆ ಹೋದ.